ಮೊಮ್ಮಗಳೇ ಗೆದ್ದಳು, ಮೇಷ್ಟ್ರೇ

ಪ್ರಶ್ನೆ: ಗಂಡಸರಿಬ್ಬರ ನಡುವಿನ ಪ್ರೀತಿಯ ಕತೆ ಹೇಳುವ ಸಿನಿಮಾಗಳೆಲ್ಲ ಈಗಿನ ಓಟಿಟಿ ಕಾಲದವು ಅಂದೆ. ಮೂಕಿ ಚಿತ್ರಗಳ ಕಾಲದಲ್ಲೇ ಬಂದಿತ್ತು ಅಂತಾಳೆ ಮೊಮ್ಮಗಳು. ಐನೂರು ರೂಪಾಯಿ ಪಂದ್ಯ ಕಟ್ಟಿದ್ದೇವೆ. ತೀರ್ಪು ಹೇಳಿ.
– ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಉತ್ತರ: ಐನೂರು ರೂಪಾಯಿ ತೆಗೆದಿಡಿ ಮೇಷ್ಟ್ರೇ.

1919ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ 'ಆಂಡರ್ಸ್ ಆಲ್ಸ್ ಡೀ ಆಂಡರ್ನ್' ತೆರೆಕಂಡಿತು. 'ಬೇರೆಯವರ ಹಾಗಲ್ಲ' ಅಂತ ಅರ್ಥ. ನಿರ್ದೇಶಕ ರಿಚರ್ಡ್ ಓಸ್ವಾಲ್ಡ್. ಅವರ ಜೊತೆ ಕೂತು ಕತೆ ಬರೆದವರು ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್. ಸಿನಿಮಾದಲ್ಲೂ ಡಾಕ್ಟರಾಗೇ ಬರುತ್ತಾರೆ.

ಪೌಲ್ ಹೆಸರಾಂತ ಪಿಟೀಲು ವಾದಕ. ಕಲಿಯಲು ಬಂದ ಕುರ್ಟ್ ಮೇಲೆ ಅವನಿಗೆ ಪ್ರೀತಿ, ಕುರ್ಟ್‌ಗೂ ಅಷ್ಟೇ. ಇಬ್ಬರೂ ಪಾರ್ಕಿನಲ್ಲಿ ನಡೆಯುವುದು ಒಬ್ಬನ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಬ್ಲ್ಯಾಕ್‌ಮೇಲ್ ಶುರು.

ಮೂಕಿ ಚಿತ್ರ ಅಂದರೆ ಹತ್ತು ನಿಮಿಷಕ್ಕೆ ತೂಕಡಿಸುವ ನನ್ನ ಹೆಂಡತಿ ಇದನ್ನು ಲ್ಯಾಪ್‌ಟಾಪಿನಲ್ಲಿ ಕಣ್ಣು ಮುಚ್ಚದೆ ನೋಡಿದಳು. "ಈ ಕಳ್ಳನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತ್ರೀ?" ಅಂದಳು. ಕಾನೂನಿಂದಲೇ ಬಂತು. ಗಂಡಸರ ನಡುವಿನ ಸಂಬಂಧ ಅಪರಾಧ ಅನ್ನುವ 175ನೇ ಕಲಂ ಜರ್ಮನಿಯಲ್ಲಿ 1871ರಿಂದಲೇ ಇತ್ತು. ದುಡ್ಡು ಕೀಳುತ್ತಿದ್ದಾನೆ ಅಂತ ದೂರು ಕೊಟ್ಟರೆ, ಕೊಟ್ಟವನೂ ಒಳಗೆ! ಇಲ್ಲೂ ಅದೇ ಆಗುತ್ತದೆ. ಬ್ಲ್ಯಾಕ್‌ಮೇಲ್ ಮಾಡಿದವನಿಗೆ ಮೂರು ವರ್ಷ, ಪೌಲ್‌ಗೆ ಒಂದು ವಾರ. ಒಂದೇ ವಾರ ಅಲ್ವಾ ಅನ್ನಬೇಡಿ. ಆಮೇಲೆ ಅವನಿಗೆ ಸಂಗೀತ ಕಚೇರಿಗಳಿಲ್ಲ, ಮನೆಯವರ ಬೆಂಬಲವೂ ಇಲ್ಲ. ಕೊನೆಗೆ ವಿಷ ಕುಡಿಯುತ್ತಾನೆ.

ಪೌಲ್ ಪಾತ್ರದಲ್ಲಿ ಕಾನ್ರಾಡ್ ಫೈಟ್. ಆಗ ಆತನಿಗೆ 26 ವರ್ಷ. 'ಕಾಸಾಬ್ಲಾಂಕಾ' ನೋಡಿದ್ದರೆ ಅದರ ನಾಜಿ ಮೇಜರ್ ನೆನಪಿರಬೇಕು. ಅದೇ ಮನುಷ್ಯ. ನಾಜಿಗಳು ಬಂದಾಗ ಜರ್ಮನಿ ಬಿಟ್ಟು ಹೋದವನಿಗೆ ಹಾಲಿವುಡ್‌ನಲ್ಲಿ ನಾಜಿ ಪಾತ್ರ!

ಇಂಥ ಸಿನಿಮಾ ಆಗ ಬಂದದ್ದಾದರೂ ಹೇಗೆ? 1918ರ ನವೆಂಬರ್‌ನಲ್ಲಿ ಜರ್ಮನಿಯ ಚಕ್ರವರ್ತಿ ಪಟ್ಟ ಬಿಟ್ಟು ಹೋದ, ಸೆನ್ಸಾರ್ ಕೂಡ ಹೋಯಿತು. ಆ ಸಂದಿಯಲ್ಲಿ ಇದು ನುಸುಳಿತು. 1920ರಲ್ಲಿ ಸೆನ್ಸಾರ್ ವಾಪಸ್ ಬಂದು ಜನರಿಗೆ ತೋರಿಸುವುದನ್ನೇ ನಿಲ್ಲಿಸಿತು. 1933ರಲ್ಲಿ ನಾಜಿಗಳು ಹಿರ್ಷ್‌ಫೆಲ್ಡ್‌ರ ಲೈಂಗಿಕ ವಿಜ್ಞಾನ ಸಂಸ್ಥೆಯನ್ನು ಲೂಟಿ ಮಾಡಿ ಪುಸ್ತಕಗಳನ್ನು ಊರಿನ ಚೌಕದಲ್ಲಿ ಸುಟ್ಟರು. ಈಗ ನೋಡಲು ಸಿಗುವುದು ಚಿತ್ರದ ಒಂದು ಭಾಗ ಮಾತ್ರ. ಕಳೆದುಹೋದ ಕಡೆ ಸ್ಥಿರಚಿತ್ರ ಹಾಕಿ ಕತೆ ಕೂಡಿಸಿದ್ದಾರೆ.

ಕೊನೆಯ ದೃಶ್ಯದಲ್ಲಿ ಕಾನೂನಿನ ಪುಸ್ತಕ ತೆರೆದಿರುತ್ತದೆ. ಒಂದು ಕೈ ಬ್ರಶ್ ಹಿಡಿದು 175ರ ಮೇಲೆ ಗೀಟು ಎಳೆಯುತ್ತದೆ. ನಿಜವಾಗಿ ಆ ಕಲಂ ಪೂರ್ತಿ ಹೋದದ್ದು 1994ರಲ್ಲಿ.

ಪ್ರಶ್ನೆ: ಹಾಗಾದರೆ ನಮ್ಮ 'ರಾಜಾ ಹರಿಶ್ಚಂದ್ರ'ದಲ್ಲಿ ಗಂಡಸೇ ತಾರಾಮತಿ ಆಗಿದ್ದನಲ್ಲ, ಅದೂ ಇದೇ ಲೆಕ್ಕಕ್ಕೆ ಸೇರುತ್ತದಾ?
– ಅದೇ ಮೇಷ್ಟ್ರು

ಉತ್ತರ: ಸೋತ ದುಡ್ಡು ವಾಪಸ್ ಪಡೆಯುವ ಯೋಚನೆಯಾ? ಇಲ್ಲ, ಅದು ಬೇರೆ ವಿಷಯ. 1913ರಲ್ಲಿ ಕ್ಯಾಮೆರಾ ಮುಂದೆ ನಿಲ್ಲಲು ಹೆಂಗಸರು ಯಾರೂ ಒಪ್ಪಲಿಲ್ಲ. ನಿರ್ದೇಶಕ ಫಾಲ್ಕೆ ಅವರು ಹೋಟೆಲ್ ಅಡುಗೆಯವ ಅಣ್ಣಾ ಸಾಳುಂಕೆಗೆ ಸೀರೆ ಉಡಿಸಿದರು. ನಮ್ಮ ಕಂಪನಿ ನಾಟಕಗಳ ಸ್ತ್ರೀಪಾತ್ರದ ಹಾಗೆ. ನಾಲ್ಕು ವರ್ಷದ ಮೇಲೆ 'ಲಂಕಾ ದಹನ'ದಲ್ಲಿ ರಾಮನೂ ಸಾಳುಂಕೆ, ಸೀತೆಯೂ ಸಾಳುಂಕೆ. ಮೊಮ್ಮಗಳ ಜೊತೆ ಇನ್ನೊಂದು ಪಂದ್ಯ ಕಟ್ಟುವುದಾದರೆ ಇದನ್ನು ಕೇಳಿ.