ಹೊಸದಾಗಿ ತಂದ ಕೋರಿ ಮೀನುಗಳು ಇಡೀ ದಿನ ಗಾಜಿನುದ್ದಕ್ಕೂ ಓಡುತ್ತಿವೆ, ಮದ್ದು ಹಾಕಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾರವಾರದಲ್ಲಿ ಮನೆ, ಎರಡು ಅಡಿ ಟ್ಯಾಂಕ್, ಅದರಲ್ಲಿ ಮೊದಲಿಂದಲೂ ಗಪ್ಪಿಗಳಿವೆ. ನಾಲ್ಕು ದಿನದ ಹಿಂದೆ ಹುಬ್ಬಳ್ಳಿಯಿಂದ ಮೂರು ಆಲ್ಬಿನೊ ಕೋರಿ (ತಳದಲ್ಲಿ ಬದುಕುವ, ಮೀಸೆಯಿರುವ ಸಣ್ಣ ಕೋರಿಡೋರಸ್ ಮೀನಿನ ಬಿಳಿ ಬಗೆ) ತಂದು ಬಿಟ್ಟಿದ್ದೀರಿ. ಅವು ತಳದಲ್ಲಿ ಕೂರುವ ಬದಲು ಗಾಜಿಗೆ ಮೂತಿ ಉಜ್ಜುತ್ತಾ ಮೇಲೆ ಕೆಳಗೆ ಓಡುತ್ತಿವೆ. ನಡುನಡುವೆ ಸರ್ರನೆ ನೀರಿನ ಮೇಲಕ್ಕೆ ಹೋಗಿ ಬರುತ್ತವೆ. ಗಪ್ಪಿಗಳು ಆರಾಮಾಗಿವೆ. ಅಂಗಡಿಯವರು ಕಲ್ಲುಪ್ಪು ಮತ್ತು ನೀಲಿ ಮದ್ದು ಹಾಕಿ ಅಂದಿದ್ದಾರೆ. ಹಾಕಲಾ ಬೇಡವಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ.

ನಾನು ಕರಾವಳಿಯಲ್ಲಿ ಬೆಳೆದು ಈಗ ಸಿರ್ಸಿಯಲ್ಲಿರುವವನು. ಘಟ್ಟದ ಕೆಳಗಿನ ನೀರಿನಲ್ಲೂ ಮೇಲಿನ ನೀರಿನಲ್ಲೂ ಕೋರಿ, ಲೋಚ್‌ನಂಥ ತಳದ ಮೀನು ಸಾಕಿದ್ದೇನೆ. ತಳದ ಮೀನು ಓಡಾಡಿತು ಅಂದ ತಕ್ಷಣ ಮದ್ದಿನ ಬಾಟಲಿಗೆ ಕೈ ಹಾಕುವುದರಿಂದ ಬದುಕಬೇಕಾದ ಮೀನುಗಳು ಸಾಯುತ್ತವೆ. ನನಗೆ ಅದು ನಿಜಕ್ಕೂ ಸಂಕಟದ ವಿಷಯ. ಓಡಾಟಕ್ಕೆ ಹತ್ತು ಕಾರಣ ಇರಬಹುದು. ಯಾವ ಥರ ಓಡುತ್ತಿವೆ ಅಂತ ಮೊದಲು ನೋಡಬೇಕು.

ನೀಲಿ ಮದ್ದು ಅಂದರೆ ಮೆಥಿಲೀನ್ ಬ್ಲೂ. ಅದು ಫಿಲ್ಟರಿನಲ್ಲಿ ಬೆಳೆದಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಕೊಡುತ್ತದೆ. ಮೀನಿನ ಹೇಲು, ಮಿಕ್ಕ ಆಹಾರದಿಂದ ಬರುವ ಅಮೋನಿಯವನ್ನು ನೈಟ್ರೈಟ್ ಮಾಡಿ, ಆಮೇಲೆ ಕಡಿಮೆ ಅಪಾಯದ ನೈಟ್ರೇಟ್ ಮಾಡುವುದು ಅವೇ. ಅವು ಹೋದರೆ ಎರಡೇ ದಿನದಲ್ಲಿ ನೀರು ವಿಷವಾಗಬಹುದು. ಉಪ್ಪಿನ ವಿಷಯಕ್ಕೆ ಬಂದರೆ, ಗಪ್ಪಿ ಸ್ವಲ್ಪ ಉಪ್ಪುನೀರಿನಲ್ಲೂ ಹಾಯಾಗಿ ಇರುವ ಮೀನು. ಕೋರಿ ದಕ್ಷಿಣ ಅಮೆರಿಕದ ಸಿಹಿನೀರಿನ ಹೊಳೆಗಳದ್ದು, ಅಷ್ಟು ಉಪ್ಪು ತಡೆಯುವುದಿಲ್ಲ. ‘ಗಪ್ಪಿ ಚೆನ್ನಾಗಿದೆ, ಹಾಗಾಗಿ ನೀರು ಸರಿ ಇದೆ’ ಎನ್ನುವ ಲೆಕ್ಕವೂ ಇದೇ ಕಾರಣಕ್ಕೆ ತಪ್ಪು. ಗಪ್ಪಿಗಳು ನಿಮ್ಮ ನೀರಿಗೆ ನಿಧಾನಕ್ಕೆ ಒಗ್ಗಿವೆ. ಕೋರಿ ಮೊನ್ನೆ ಬಂದದ್ದು. ಅದೂ ಅಲ್ಲದೆ ಕೊಳೆ ಸೇರುವುದು ತಳದಲ್ಲಿ, ಇವುಗಳ ಮೀಸೆ, ಹೊಟ್ಟೆ ಇಡೀ ದಿನ ಅಲ್ಲೇ ತಾಗಿಕೊಂಡಿರುತ್ತದೆ.

ಇವತ್ತು ಟ್ಯಾಂಕಿನ ಲೈಟ್ ಆರಿಸಿ, ಸ್ವಲ್ಪ ದೂರದಲ್ಲಿ ಅಲ್ಲಾಡದೆ ಹತ್ತು ನಿಮಿಷ ಕೂತು ನೋಡಿ. ಮೊದಲು ಕಿವಿರು ನೋಡಿ. ತಳಕ್ಕೆ ಬಂದು ನಿಂತಾಗಲೂ ಕಿವಿರು ಪಟಪಟ ಬಡಿಯುತ್ತಿದೆಯಾ? ಕಿವಿರಿನ ಬಣ್ಣ ಕಂದಾಗಿದೆಯಾ? ಹೌದಾದರೆ ಇದು ನೀರಿನ ತೊಂದರೆ, ಕಾಯುವ ಹಾಗಿಲ್ಲ. ನೈಟ್ರೈಟ್ ಜಾಸ್ತಿ ಆದಾಗ ಮೀನಿನ ರಕ್ತವೇ ಕಂದಾಗುತ್ತದೆ, ಅದು ಆಮ್ಲಜನಕ ಹೊರಲಾರದು. ಆಗ ನೀರಿನಲ್ಲಿ ಎಷ್ಟು ಗಾಳಿ ಇದ್ದರೂ ಮೀನಿಗೆ ಉಸಿರು ಸಾಲುವುದಿಲ್ಲ.

ಸರ್ರನೆ ಮೇಲೆ ಹೋಗಿ ಬರುವುದು ಬೇರೆ ವಿಷಯ. ಇದನ್ನು ಕಂಡು ತುಂಬಾ ಜನ ಹೆದರುತ್ತಾರೆ. ಕೋರಿಗೆ ಕಿವಿರಿನ ಜೊತೆ ಇನ್ನೊಂದು ಉಸಿರಾಟ ಇದೆ. ಮೇಲೆ ಬಂದು ಗಾಳಿ ನುಂಗುತ್ತದೆ, ಆ ಗಾಳಿಯ ಆಮ್ಲಜನಕವನ್ನು ಕರುಳಿನ ಹಿಂಭಾಗ ಹೀರಿಕೊಳ್ಳುತ್ತದೆ. ಅಲ್ಲಿ ಕರುಳಿನ ಗೋಡೆ ತುಂಬಾ ತೆಳು, ರಕ್ತನಾಳಗಳು ಒತ್ತಾಗಿವೆ. ಮಿಕ್ಕ ಗಾಳಿ ಹಿಂದಿನಿಂದ ಹೊರಗೆ ಹೋಗುತ್ತದೆ. ನೀರು ಒಳ್ಳೆಯದಿದ್ದಾಗಲೂ ಆಗೊಮ್ಮೆ ಈಗೊಮ್ಮೆ ಹೀಗೆ ಮಾಡುತ್ತವೆ, ಅದು ಸಹಜ. ಅದಕ್ಕೇ ಟ್ಯಾಂಕನ್ನು ಅಂಚಿನವರೆಗೆ ತುಂಬಬಾರದು, ಮುಚ್ಚಳದ ಕೆಳಗೆ ಎರಡು ಇಂಚಾದರೂ ಜಾಗ ಬಿಡಬೇಕು. ಆದರೆ ಮೂರೂ ಮೀನು ನಿಮಿಷಕ್ಕೊಮ್ಮೆ ಹೋಗಿ ಬರುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಮ್ಮಿ ಇದೆ, ಇಲ್ಲವೇ ಕಿವಿರು ಉರಿಯುತ್ತಿದೆ ಅಂತ ತಿಳಿಯಬೇಕು. ಕಾರವಾರದ ಏಪ್ರಿಲ್, ಮೇ ಸೆಕೆಯಲ್ಲಿ ಇದು ಸುಲಭವಾಗಿ ಆಗುತ್ತದೆ. 25 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಆಲ್ಬಿನೊ ಕೋರಿಗೆ 22ರಿಂದ 27 ಡಿಗ್ರಿ ಹಿತ. ಏರ್ ಪಂಪ್ ಹಗಲು ರಾತ್ರಿ ಓಡಲಿ. ನೀರಿನ ಮೇಲೆ ಟೇಬಲ್ ಫ್ಯಾನ್ ಗಾಳಿ ಬೀಸಿದರೂ ತಣಿಯುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಘಟ್ಟದ ಮೇಲಿನಷ್ಟು ತಣಿಯದು, ಆದರೂ ಉಪಯೋಗ ಇದೆ.

ಮೂರನೆಯದು, ಮೈ ಉಜ್ಜುವುದು. ಕಲ್ಲಿಗೋ ಮರಳಿಗೋ ಪಕ್ಕೆಯನ್ನು ಸರಕ್ಕನೆ ಉಜ್ಜಿ ಓಡುತ್ತಿದ್ದರೆ, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇದೆಯಾ, ಟಾರ್ಚ್ ಬಿಟ್ಟಾಗ ಚಿನ್ನದ ಪುಡಿಯಂಥ ಪೊರೆ ಕಾಣುತ್ತದಾ ನೋಡಿ. ಕಂಡರೆ ಮಾತ್ರ ರೋಗದ ಮಾತು. ಕಾಣದಿದ್ದರೆ ಮತ್ತೆ ಅಮೋನಿಯವನ್ನೇ ಅನುಮಾನಿಸಿ, ಅದರಿಂದಲೂ ಮೈ ಕೆರೆಯುತ್ತದೆ.

ಈ ಯಾವ ಲಕ್ಷಣವೂ ಇಲ್ಲ, ಕಿವಿರು ನಿಧಾನಕ್ಕೆ ಆಡುತ್ತಿದೆ, ಊಟ ಮಾಡುತ್ತವೆ, ಸುಮ್ನೆ ಗಾಜಿನುದ್ದಕ್ಕೂ ಓಡುತ್ತವೆ ಅಂತಾದರೆ ಅರ್ಧ ಚಿಂತೆ ಬಿಡಿ. ಹೊಸ ಮನೆಗೆ ತಂದ ಬೆಕ್ಕು ಮೂಲೆ ಮೂಲೆ ಸುತ್ತುವ ಹಾಗೆ ಇವೂ ಕೆಲವು ದಿನ ಸುತ್ತುತ್ತವೆ. ಕೆಲವಕ್ಕೆ ಒಂದೆರಡು ವಾರ ಬೇಕಾಗುತ್ತದೆ. ಫಿಲ್ಟರಿನ ನೀರು ಹೊಡೆಯುವ ಜಾಗದಲ್ಲಿ ಮಾತ್ರ ಮೇಲೇರಿ ಕೆಳಗೆ ಜಾರುತ್ತಿದ್ದರೆ ಅದು ಬರೀ ಆಟ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಲ್ಲದೆ ಓಡುವುದು ಗಾಬರಿ.

ಆ ಗಾಬರಿಗೆ ನಮ್ಮ ಕಡೆ ನಾನು ಹೆಚ್ಚಾಗಿ ಕಂಡಿರುವ ಕಾರಣ ನೀರಿನ ವ್ಯತ್ಯಾಸ. ಸಿರ್ಸಿ ಕಡೆ ಕೆಂಪು ಜಂಬಿಟ್ಟಿಗೆ ನೆಲದ ಬಾವಿ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಕೋರಿಗೆ ಅದು ಇಷ್ಟ. ಕಡಲ ಹತ್ತಿರದ ಬಾವಿ ಹಾಗಲ್ಲ. ಅಳಿವೆ ಬದಿಯಲ್ಲೋ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಪಕ್ಕದಲ್ಲೋ ಇದ್ದರೆ ಬೇಸಿಗೆಯಲ್ಲಿ ನೀರು ಸವಳಾಗುತ್ತದೆ. ನಿಮ್ಮ ಮನೆ ನೀರು ಬಾಯಿಗೆ ಚೂರಾದರೂ ಉಪ್ಪು ಅನಿಸಿದರೆ, ಅಂಗಡಿಯವರು ಹೇಳಿದ ಉಪ್ಪು ಆಗಲೇ ಅದರಲ್ಲಿದೆ. ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ, ಅದನ್ನೂ ನೋಡಬೇಕು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯದಲ್ಲಿ ವಿಷದ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಸಿರ್ಸಿಯ ಮೆದು ನೀರಿನಲ್ಲಿ ಮೀನು ತಡೆದುಕೊಂಡ ಕೊಳೆ ಕಡಲ ಬದಿಯ, ಪಿಎಚ್ ಹೆಚ್ಚಿರುವ ನೀರಿನಲ್ಲಿ ಅದನ್ನು ಕೊಲ್ಲಬಹುದು. ಅದಕ್ಕೇ ಬೇರೆ ಊರಿನವರ ಅನುಭವವನ್ನು ಹಾಗೇ ತಂದು ನಿಮ್ಮ ಟ್ಯಾಂಕಿಗೆ ಹಾಕಬಾರದು.

ಬಾವಿ ನೀರಿನ ಬಗ್ಗೆ ಇನ್ನೆರಡು ಮಾತು. ಸೇದಿದ ತಕ್ಷಣ ಸುರಿಯಬೇಡಿ. ಆಗ ಅದರಲ್ಲಿ ಆಮ್ಲಜನಕ ಕಮ್ಮಿ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವುದುಂಟು. ಬಕೆಟಿನಲ್ಲಿ ಏರ್ ಸ್ಟೋನ್ ಹಾಕಿ ಒಂದು ರಾತ್ರಿ ಇಟ್ಟರೆ ಸರಿಹೋಗುತ್ತದೆ, ಪಿಎಚ್ ಕೂಡ ಒಂದು ಕಡೆ ನಿಲ್ಲುತ್ತದೆ. ಎರಡನೆಯದು, ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ವಾ? ಬಾವಿ ನೀರಿನಲ್ಲಿ ಕ್ಲೋರಿನ್ ಎಲ್ಲಿಂದ ಬರಬೇಕು ಅಂದುಕೊಂಡು ಹಾಗೇ ಸುರಿಯುತ್ತೇವೆ, ಸಂಜೆಯೊಳಗೆ ಮೀನು ಒದ್ದಾಡುತ್ತದೆ. ಪುಡಿ ಹಾಕಿದ್ದು ಯಾವಾಗ ಅಂತ ಮನೆಯವರನ್ನು ಕೇಳಿ. ಬಾವಿ ನೀರಾಗಲಿ ನಲ್ಲಿ ನೀರಾಗಲಿ, ಆಂಟಿ ಕ್ಲೋರಿನ್ ಹನಿ ಹಾಕಿಯೇ ಬಳಸಿ.

ಇನ್ನು ತಳ. ನಿಮ್ಮ ಫೋಟೊದಲ್ಲಿ ಬಣ್ಣಬಣ್ಣದ ಜಲ್ಲಿ ಇದೆ, ಹಿಂದಿನ ಗಾಜು ಖಾಲಿ ಇದೆ, ಅಡಗಲು ಒಂದು ಜಾಗವೂ ಇಲ್ಲ. ಇದೇ ನನಗೆ ಹೆಚ್ಚು ಕಾಡಿದ್ದು. ಕೋರಿ ಮೂತಿಯನ್ನು ಮರಳಿಗೆ ತೂರಿಸಿ, ಬಾಯಿಗೆ ಮರಳು ತೆಗೆದುಕೊಂಡು, ಕಿವಿರಿನಿಂದ ಹೊರಗೆ ಬಿಟ್ಟು ಆಹಾರ ಹುಡುಕುವ ಮೀನು. ಜಲ್ಲಿಯ ಮೇಲೆ ಅದಕ್ಕೆ ಮಾಡಲು ಕೆಲಸವೇ ಇಲ್ಲ. ಜಲ್ಲಿ ಚೂಪಾಗಿದ್ದು, ಸಂದಿಯಲ್ಲಿ ಕೊಳೆ ಕೂತರೆ ಮೀಸೆ ಸವೆದುಹೋಗುತ್ತದೆ. ಸಣ್ಣ ಹೊಳೆ ಹೊಯ್ಗೆ ಸಿಕ್ಕರೆ ನೀರು ತಿಳಿಯಾಗುವ ತನಕ ತೊಳೆದು ಒಂದೂವರೆ ಇಂಚು ಹಾಕಿ. ಕಡಲ ದಂಡೆಯ ಹೊಯ್ಗೆ ಮನೆ ಪಕ್ಕದಲ್ಲೇ ಇದೆ ಅಂತ ತರಬೇಡಿ. ಅದರಲ್ಲಿ ಉಪ್ಪಿರುತ್ತದೆ, ಚಿಪ್ಪಿನ ಚೂರಿರುತ್ತದೆ. ಚಿಪ್ಪು ಕರಗುತ್ತಾ ನೀರನ್ನು ಗಡಸು ಮಾಡಿ ಪಿಎಚ್ ಏರಿಸುತ್ತದೆ. ಯಾವ ಮರಳಾದರೂ ಒಂದು ಚಮಚ ತೆಗೆದು ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಬೇಡ.

ಅಡಗಲು ಜಾಗ ಮಾಡುವುದಕ್ಕೆ ದುಡ್ಡು ಬೇಡ. ತೆಂಗಿನ ಕರಟಕ್ಕೆ ಬಾಗಿಲಿನಷ್ಟು ತೂತು ಮಾಡಿ, ಅಂಚು ಉಜ್ಜಿ, ನಾರು ತೆಗೆದು, ಚೆನ್ನಾಗಿ ಕುದಿಸಿ ಬೋರಲು ಹಾಕಿದರೆ ಆಯಿತು. ಕಾಡು ಬಾದಾಮಿಯ ಒಣಗಿ ಬಿದ್ದ ಎಲೆ ಕಾರವಾರದಲ್ಲಿ ಎಲ್ಲೆಲ್ಲೂ ಸಿಗುತ್ತದೆ. ರಸ್ತೆ ಧೂಳು, ಔಷಧಿ ಸಿಂಪಡಣೆ ಇಲ್ಲದ ಕಡೆಯಿಂದ ತಂದು ತೊಳೆದು ಎರಡು ಎಲೆ ಹಾಕಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಬೆಳಕು ತಗ್ಗುತ್ತದೆ, ಮೀನು ಅದರಡಿ ಕೂರುತ್ತದೆ. ಹಿಂದಿನ ಮತ್ತು ಒಂದು ಪಕ್ಕದ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಗಾಬರಿಯಾದ ಮೀನು ಇದರಿಂದಲೇ ಎಷ್ಟೋ ಸಲ ಶಾಂತವಾಗುತ್ತದೆ.

ಮೂರು ಕೋರಿ ಸಾಲದು. ಇವು ಗುಂಪಿನ ಮೀನು, ಆರಾದರೂ ಬೇಕು. ಗುಂಪು ಚಿಕ್ಕದಾದರೆ ಗಾಬರಿ ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಆಲ್ಬಿನೊ ಹೆಚ್ಚಿನವು ಕಂಚು ಬಣ್ಣದ ಕೋರಿಯ ಜಾತಿಯವೇ, ಹಾಗಾಗಿ ಕಂಚು ಬಣ್ಣದವನ್ನು ಸೇರಿಸಿದರೂ ಕೂಡಿಕೊಳ್ಳುತ್ತವೆ. ಆದರೆ ನಾಳೆಯೇ ಹೋಗಿ ತರಬೇಡಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದು ಒಂದೆರಡು ವಾರ ಹಾಗೇ ನಿಂತ ಮೇಲೆ ತನ್ನಿ. ಟ್ಯಾಂಕೇ ಹೊಸದಾಗಿದ್ದರೆ ಫಿಲ್ಟರ್ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ.

ಮುಂದಿನ ಸಲ ತರುವಾಗ ಪ್ರಯಾಣದ ಲೆಕ್ಕ ಇಟ್ಟುಕೊಳ್ಳಿ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಕಾರವಾರ ಸೇರುವಷ್ಟರಲ್ಲಿ ಮೀನು ಗಂಟೆಗಟ್ಟಲೆ ಚೀಲದಲ್ಲಿರುತ್ತದೆ. ಅದರ ಉಸಿರಿನಿಂದಲೇ ಚೀಲದ ನೀರಿನ ಪಿಎಚ್ ಇಳಿಯುತ್ತದೆ, ಹಾಗಾಗಿ ಒಳಗಿನ ಅಮೋನಿಯ ಅಷ್ಟಾಗಿ ಕಾಡುವುದಿಲ್ಲ. ಚೀಲ ಬಿಚ್ಚಿದೊಡನೆ ಅನಿಲ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯ ವಿಷವಾಗುತ್ತದೆ. ಆ ನೀರಿನಲ್ಲಿ ಒಂದೆರಡು ಗಂಟೆ ಹನಿ ಹನಿ ಬೆರೆಸುತ್ತಾ ಕೂತರೆ ಮೀನಿನ ಕಿವಿರು ಸುಡುತ್ತದೆ. ಮುಚ್ಚಿದ ಚೀಲವನ್ನೇ 15, 20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಬಿಸಿ ಸಮವಾದ ಮೇಲೆ ಬಿಚ್ಚಿ ಬೇಗ ಬಿಡಿ. ಅಂಗಡಿಯ ನೀರಿನ ಪಿಎಚ್ ಮೊದಲೇ ಕೇಳಿಕೊಂಡು, ಅದು ನಿಮ್ಮ ನೀರಿನ ಪಿಎಚ್‌ಗಿಂತ ತೀರಾ ಬೇರೆಯಿದ್ದರೆ ಆ ಅಂಗಡಿಯಿಂದ ತರದಿರುವುದೇ ಒಳ್ಳೆಯದು. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಬಲೆಯಲ್ಲೂ ಹಿಡಿಯಬೇಡಿ, ಕೋರಿಯ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ. ಲೋಟದಲ್ಲಿ ಎತ್ತಿ.

ಒಂದು ಖುಷಿಯ ಸಾಧ್ಯತೆಯೂ ಇದೆ. ತಣ್ಣೀರು ಬದಲಾಯಿಸಿದ ಮೇಲೋ, ಮಳೆ ಶುರುವಾದಾಗಲೋ ಗಂಡು ಮೀನುಗಳು ದಪ್ಪ ಹೊಟ್ಟೆಯ ಹೆಣ್ಣಿನ ಹಿಂದೆ ಬಿದ್ದು ಓಡುತ್ತಿದ್ದರೆ ಅದು ಮೊಟ್ಟೆ ಇಡುವ ಹೊತ್ತು. ಗಾಜಿನ ಮೇಲೆ ಅಂಟಿಕೊಂಡ ಸಣ್ಣ ಮೊಟ್ಟೆ ಕಾಣಬಹುದು. ತಂದು ನಾಲ್ಕೇ ದಿನವಾದ ಮೀನಿಗೆ ಇದು ಅಪರೂಪ, ಆದರೆ ಜೂನಿನಲ್ಲಿ ನೆನಪಿರಲಿ.

ಪ್ರಶ್ನೆಯ ಕೊನೆಗೆ, ಹೊಂದಿಕೊಳ್ಳದಿದ್ದರೆ ಕಾಳಿ ಹೊಳೆಗೆ ಬಿಡಲಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ಹೊರಗಿನ ಮೀನಿನ ಜೊತೆ ಹೊರಗಿನ ರೋಗವೂ ಹೊಳೆಗೆ ಇಳಿಯುತ್ತದೆ. ಅಂಗಡಿಯಲ್ಲಿ ಮಾರುವ, ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಸಕ್ಕರ್ ಮೀನನ್ನು ಜನ ಹೀಗೇ ಬಿಟ್ಟು ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ತುಂಬಿಕೊಂಡಿದೆ. ನಮ್ಮ ಹೊಳೆಗಳ ತಳದಲ್ಲಿ ನಮ್ಮದೇ ಸಣ್ಣ ಮೀನುಗಳು ಬದುಕುತ್ತಿವೆ, ಅವಕ್ಕೆ ಆ ಜಾಗ ಉಳಿಯಬೇಕು. ಸಾಕಲು ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲ ಸಾಕುವವರಿಗೆ ಕೊಡಿ.

ಇವತ್ತು ರಾತ್ರಿಯೇ ಮಾಡುವುದು ಇಷ್ಟು. ಹನಿ ಹಾಕುವ ಟೆಸ್ಟ್ ಕಿಟ್‌ನಿಂದ ಅಮೋನಿಯ, ನೈಟ್ರೈಟ್, ಪಿಎಚ್ ನೋಡಿ. ಕಿಟ್ ಸಿಗದಿದ್ದರೂ ಕಾಲು ಭಾಗ ನೀರು ಬದಲಾಯಿಸಿ, ಹೊಸ ನೀರು ಟ್ಯಾಂಕಿನಷ್ಟೇ ಬೆಚ್ಚಗಿರಲಿ. ತಳದ ಕೊಳೆಯನ್ನು ಪೈಪಿನಿಂದ ಎಳೆದು ತೆಗೆಯಿರಿ. ಫಿಲ್ಟರ್ ಸ್ಪಂಜನ್ನು ಮಾತ್ರ ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಎರಡು ದಿನ ಲೈಟ್ ಹಾಕಬೇಡಿ, ಊಟ ಅರ್ಧಕ್ಕೆ ಇಳಿಸಿ, ಅದನ್ನೂ ಕತ್ತಲಾದ ಮೇಲೆ ಮುಳುಗುವ ಗುಳಿಗೆಯಾಗಿ ಕೊಡಿ. ಕಿವಿರು ಜೋರಾಗಿ ಬಡಿಯುತ್ತಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಕಾಲು ಭಾಗ ಬದಲಾಯಿಸಿ.

ಕಿಟ್‌ನ ಮೂರು ಅಂಕಿ, ನೀರು ಬಾವಿಯದ್ದಾ ನಲ್ಲಿಯದ್ದಾ, ಟ್ಯಾಂಕ್ ಹಾಕಿ ಎಷ್ಟು ದಿನ ಆಯಿತು ಎನ್ನುವುದನ್ನು ಇದರ ಕೆಳಗೇ ಬರೆಯಿರಿ. ಕಿವಿರು ಕಾಣುವ ಹಾಗೆ ಹತ್ತಿರದಿಂದ ಒಂದು ಸಣ್ಣ ವಿಡಿಯೊ ಹಾಕಿದರೆ ಇನ್ನೂ ಒಳ್ಳೆಯದು, ನೋಡಿ ಹೇಳುತ್ತೇನೆ.