‘ಕಾರ್ನ್’ ಅಂದರೆ ಯಾವ ಜೋಳ?

ಪ್ರಶ್ನೆ: ಬೈಬಲಿನ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಈಜಿಪ್ತಿನ ಉಗ್ರಾಣದ ‘ಕಾರ್ನ್’ ಬರುತ್ತದೆ. ಅದು ನಮ್ಮ ಬಿಳಿಜೋಳವೋ, ಗೋವಿನಜೋಳವೋ? ಇನ್ನೊಂದು, ಅಂಗಡಿಯ ಕಾರ್ನ್‌ಫ್ಲೋರ್ ತಂದು ರೊಟ್ಟಿ ಬಡಿಯಲು ಕುಂತರೆ ಹಿಟ್ಟು ಕೈಗೇ ಬರಲಿಲ್ಲ. ಯಾಕೆ?
– ಓದುಗರೊಬ್ಬರು, ಸಿಂದಗಿ

ಉತ್ತರ: ಎರಡೂ ಅಲ್ಲ. ‘ಕಾರ್ನ್’ ಎಂಬುದರ ಮೂಲಾರ್ಥ ಬರೀ ಕಾಳು. ಲ್ಯಾಟಿನ್ನಿನ ‘ಗ್ರಾನುಮ್’ ಇದರ ದಾಯಾದಿ. ‘ಕರ್ನಲ್’ ಅಂದರೆ ಇದೇ ಪದದಿಂದ ಹುಟ್ಟಿದ ‘ಪುಟ್ಟ ಕಾಳು’. ಯಾವ ಸೀಮೆಗೆ ಯಾವ ಕಾಳು ಮುಖ್ಯವೋ ಅಲ್ಲಿ ಅದೇ ಕಾರ್ನ್: ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ವಿಜಯಪುರದಲ್ಲಿ ‘ಜೋಳ’ ಅಂದರೆ ಬಿಳಿಜೋಳ, ಬೆಂಗಳೂರಿನ ತಳ್ಳುಗಾಡಿಯಲ್ಲಿ ಕೆಂಡದ ಮೇಲೆ ಸುಟ್ಟ ತೆನೆ; ಹಾಗೇ ಇದೂ.

ನೀವು ಹೇಳುವ ಅನುವಾದ 1611ರದ್ದಿರಬೇಕು. ಗೋವಿನಜೋಳ ಅಮೆರಿಕದ ಬೆಳೆ, 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲಷ್ಟೇ ಈಚೆಗೆ ಬಂತು. ಹಾಗಾಗಿ ಈಜಿಪ್ತಿನ ಕಾರ್ನನ್ನು ಕನ್ನಡದಲ್ಲಿ ‘ಧಾನ್ಯ’ ಎಂದೇ ಬರೆಯಿರಿ, ‘ಜೋಳ’ ಎಂದರೆ ತಪ್ಪಾಗುತ್ತದೆ. ಅಮೆರಿಕಕ್ಕೆ ವಲಸೆ ಹೋದ ಇಂಗ್ಲಿಷರು ಅಲ್ಲಿಯ ಮೂಲನಿವಾಸಿಗಳ ಈ ಬೆಳೆಯನ್ನು ‘ಇಂಡಿಯನ್ ಕಾರ್ನ್’ ಎಂದರು. ಬರುಬರುತ್ತ ‘ಇಂಡಿಯನ್’ ಉದುರಿತು. ಗೋವಿನಜೋಳದ ಇನ್ನೊಂದು ಇಂಗ್ಲಿಷ್ ಹೆಸರು ‘ಮೇಜ್’ ಕೆರಿಬಿಯನ್ನಿನ ಟೈನೊ ಜನರ ಪದ, ಸ್ಪ್ಯಾನಿಷ್ ಮೂಲಕ ಬಂದದ್ದು. ನಮ್ಮ ಬಿಳಿಜೋಳಕ್ಕೆ ಇಂಗ್ಲಿಷಿನಲ್ಲಿ ‘ಸಾರ್ಗಮ್’.

ಇನ್ನು ರೊಟ್ಟಿ. ಅಮೆರಿಕದಲ್ಲಿ ಕಾರ್ನ್‌ಫ್ಲೋರ್ ಎಂದರೆ ಗೋವಿನಜೋಳ ಬೀಸಿದ ಹಿಟ್ಟು. ನಮ್ಮ ಅಂಗಡಿಯದು ಹೊಟ್ಟು, ಮೊಳಕೆ, ಪ್ರೋಟೀನು ಎಲ್ಲ ತೆಗೆದ ಬರೀ ಪಿಷ್ಟ. ಎರಡು ಬೆರಳಲ್ಲಿ ಉಜ್ಜಿ ನೋಡಿ: ಹಾಲಿನಷ್ಟು ಬೆಳ್ಳಗಿದ್ದು ಕಿರ್‌ ಎಂದರೆ ಪಿಷ್ಟ, ಹಳದಿ ಛಾಯೆಯಿದ್ದು ತರಿತರಿಯಾಗಿದ್ದರೆ ಹಿಟ್ಟು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದಾಗ ಅದರಲ್ಲಿಯ ಪಿಷ್ಟ ಸ್ವಲ್ಪ ಬೆಂದು ಜಿಗಿ ಕೊಡುತ್ತದೆ, ಉಳಿದ ಹಿಟ್ಟು ಮೈ ಕೊಡುತ್ತದೆ. ಬರೀ ಪಿಷ್ಟಕ್ಕೆ ಎಸರು ಹೊಯ್ದರೆ ಅಂಟುಗಂಟು. ತಣ್ಣೀರು ಹಾಕಿದರೂ ಮುಷ್ಟಿಯಲ್ಲಿ ಒತ್ತಿದಾಗ ಗಟ್ಟಿ, ಬಿಟ್ಟೊಡನೆ ಬೆರಳ ಸಂದಿಯಿಂದ ಸೋರುತ್ತದೆ. ಯಾರು ಬಡಿದರೂ ಅದು ರೊಟ್ಟಿಯಾಗುವುದಿಲ್ಲ.

ಆ ಪೊಟ್ಟಣವನ್ನು ಸೂಪಿಗೆ ಬಳಸಿ. 250 ಮಿ.ಲೀ. ಸೂಪಿಗೆ 1 ದೊಡ್ಡ ಚಮಚ ಸಾಕು. ಮೊದಲು 3 ಚಮಚ ತಣ್ಣೀರಲ್ಲಿ ಕದಡಿ, ಕುದಿಯುವ ಸೂಪಿಗೆ ತಿರುವುತ್ತ ಹೊಯ್ಯಿರಿ, 1 ನಿಮಿಷ ಕುದಿಸಿ. ಒಣ ಪುಡಿಯನ್ನೇ ಬಿಸಿಗೆ ಸುರಿದರೆ ಹೊರಪದರ ತಕ್ಷಣ ಬೆಂದು ಒಳಗೆ ಪುಡಿ ಹಾಗೇ ಉಳಿಯುತ್ತದೆ, ಗಂಟಾಗುವುದು ಅದಕ್ಕೇ. ಲಿಂಬೆರಸ ಹಿಂಡುವುದಿದ್ದರೆ ಒಲೆ ಆರಿಸಿದ ಮೇಲೆ. ಹುಳಿಯ ಜೊತೆ ಕುದಿದರೆ ಪಿಷ್ಟ ಒಡೆದು ಸೂಪು ಮತ್ತೆ ನೀರಾಗುತ್ತದೆ.