ಚೆಂಗ್ಡುವಿಗೆ ಭಾಷೆ ಕಲಿಯೋಕೆ ಹೊರಟವರಿಗೆ: ಲಿಪಿ ಮೊದಲಾ, ಮಾತು ಮೊದಲಾ?

ತಂಗಿ, ಸೆಪ್ಟೆಂಬರ್‌ಗೆ ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿ ಒಂದು ಸೆಮಿಸ್ಟರ್ ಚೀನಿ ಭಾಷೆ ಕಲೀತೀನಿ, ಈಗಿಂದ ಲಿಪಿ ಹಿಡೀಲಾ ಮಾತು ಹಿಡೀಲಾ, ನಾನು ಸಸ್ಯಾಹಾರಿ ಬೇರೆ ಅಂತ ಕೇಳಿದ್ದೀರಿ. ಮಾತು ಹಿಡೀರಿ. ಲಿಪಿಯನ್ನ ಅಲ್ಲಿನ ಮೇಷ್ಟ್ರು ಹೇಗೂ ಕೈ ನೋಯೋವರೆಗೆ ಬರೆಸ್ತಾರೆ. ಉಚ್ಚಾರ ಒಂದು ಸಲ ಕೆಟ್ಟರೆ ತಿದ್ದೋಕೆ ಯಾರಿಗೂ ಪುರುಸೊತ್ತಿರಲ್ಲ.

ಇದರಲ್ಲಿ ಕನ್ನಡದವರಿಗೆ ಒಂದು ಲಾಭ ಇದೆ. ಪಿನ್‌ಯಿನ್‌ನಲ್ಲಿ (ಚೀನಿ ಉಚ್ಚಾರವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಪದ್ಧತಿ) ಬಿ, ಡಿ, ಜಿ ಅಂತ ಬರೆದಿರೋದು ಹೆಚ್ಚುಕಮ್ಮಿ ನಮ್ಮ ಪ, ತ, ಕ. ಪಿ, ಟಿ, ಕೆ ಅಂತ ಇರೋದು ಫ, ಥ, ಖ (ಫಲದ ಫ, ಫೋನಿನ ಫ ಅಲ್ಲ). ನಾವು ಚೆಂಗ್ಡು ಅನ್ನೋ ಊರು ಅಲ್ಲಿಯವರ ಬಾಯಲ್ಲಿ ‘ಛಂಗ್‌ತು’ಗೆ ಹತ್ತಿರ. ಮಾತಾಡುವಾಗ ಮಹಾಪ್ರಾಣ ನುಂಗೋ ಚಾಳಿ ನಮಗಿದೆಯಲ್ಲ, ಅದೊಂದು ಬಿಡಬೇಕು. ನಾಲ್ಕು ಟೋನ್‌ಗಳನ್ನ (ಪದದ ಅರ್ಥವನ್ನೇ ಬದಲಿಸೋ ದನಿಯ ಏರಿಳಿತ) ಒಂಟಿ ಅಕ್ಷರದಲ್ಲಿ ‘ಮಾ ಮಾ’ ಅಂತ ತಿಂಗಳುಗಟ್ಟಲೆ ಉರು ಹೊಡೀಬೇಡಿ. ಎರಡೆರಡು ಅಕ್ಷರದ ಪದಗಳಲ್ಲೇ ಅಭ್ಯಾಸ ಮಾಡಿ. ಮೂರನೇ ಟೋನ್ ಎರಡು ಜೊತೆಯಾದರೆ ಮೊದಲನೆಯದು ಎರಡನೇ ಟೋನ್ ಆಗುತ್ತೆ. ಇಂಥದ್ದೆಲ್ಲ ಜೋಡಿಯಲ್ಲೇ ಕಿವಿಗೆ ಹತ್ತೋದು.

ಕ್ಲಾಸಲ್ಲಿ ಕಲಿತದ್ದು ಸಂತೆಯಲ್ಲಿ ಕೇಳಿಸದಿದ್ದರೆ ಗಾಬರಿ ಬೇಡ. ಕ್ಲಾಸಿನದು ಪುತೊಂಗ್‌ಹುವಾ, ಅಂದರೆ ದೇಶಕ್ಕೆಲ್ಲ ಒಂದೇ ಆದ ಶಿಷ್ಟ ಚೀನಿ, ಬೀದಿಯದು ಸಿಚುವಾನ್ ಮಾತು. ನಾಲ್ಕು ಅನ್ನೋ ಚೀನಿ ಪದಕ್ಕೆ ‘ಸ’ಕಾರ, ಹತ್ತು ಅನ್ನೋದಕ್ಕೆ ‘ಷ’ಕಾರ ಅಂತ ಕಲಿತಿರ್ತೀರಿ, ಅಲ್ಲಿ ತರಕಾರಿ ಮಾರೋ ಅಜ್ಜಿಗೆ ಎರಡೂ ‘ಸ’ವೇ, ಟೋನ್ ಮಾತ್ರ ಬೇರೆ. ಅದಕ್ಕೇ ಬೆರಳಲ್ಲಿ ಕೇಳಿ: ನಾಲ್ಕಕ್ಕೆ ನಾಲ್ಕು ಬೆರಳು, ಹತ್ತಕ್ಕೆ ಎರಡು ತೋರುಬೆರಳು ಅಡ್ಡಡ್ಡ. ಹೇಳೋ ರೇಟು ಸಾಮಾನ್ಯವಾಗಿ ‘ಚಿನ್’ ಲೆಕ್ಕ, ಅಂದರೆ ಅರ್ಧ ಕೆಜಿಗೆ. ಕೆಜಿಗೆ ಅಂದ್ಕೊಂಡು ಅಗ್ಗ ಅಂತ ಖುಷಿಪಡಬೇಡಿ.

ಊಟ. ‘ಮಾಂಸ ಬೇಡ’ ಅಂದರೆ ಸಾಲದು. ಸೊಪ್ಪನ್ನೂ ಹಂದಿ ಕೊಬ್ಬಲ್ಲಿ ಹುರೀತಾರೆ, ಮಾಪೊ ತೋಫುವಿಗೆ (ಸೋಯಾ ಪನೀರಿನ ಖಾರದ ಪಲ್ಯ) ಕೈಮಾ ಬೀಳುತ್ತೆ. ‘ವೊ ಛ್ ಸು’ (ನಾನು ಸಸ್ಯಾಹಾರಿ) ಅಂತ ಹೇಳಿ, ಕೊಬ್ಬೂ ಬೇಡ ಅಂತ ಚೀನಿಯಲ್ಲಿ ಬರೆಸಿಟ್ಟ ಚೀಟಿ ತೋರಿಸಿ. ನೆಮ್ಮದಿಯಾಗಿ ಉಣ್ಣಬೇಕಾದರೆ ವೆನ್‌ಷು ವಿಹಾರದ ಭೋಜನಶಾಲೆಗೆ ಹೋಗಿ. ಬೌದ್ಧ ವಿಹಾರದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕಲ್ಲ, ನಮ್ಮ ಮಠದ ಊಟದ ಹಾಗೆ. ಅಲ್ಲೇ ಟೀ ಅಂಗಡಿಯೂ ಇದೆ. ಒಂದು ಬಟ್ಟಲು ಟೀ ತಗೊಂಡರೆ ಬಿಸಿನೀರು ಹಾಕಿಸಿಕೊಳ್ತಾ ಮಧ್ಯಾಹ್ನವಿಡೀ ಕೂರಬಹುದು, ಪಕ್ಕದ ಮೇಜಿನ ತಾತಂದಿರು ಮಾತಿಗೆಳೀತಾರೆ. ನನ್ನ ಕೇಳಿದರೆ, ವಾರಾಂತ್ಯಕ್ಕೊಂದು ಊರು ಸುತ್ತೋದಕ್ಕಿಂತ ಇದೇ ಒಳ್ಳೆ ಪಾಠ.

ಇನ್ನು ಕಾಗದಪತ್ರ. 180 ದಿನದೊಳಗಿನ ಓದಿಗೆ ಎಕ್ಸ್2 ವೀಸಾ ಸಾಕು. ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ಅಲ್ಲಿ ಮಾತುಕತೆಗೂ ದುಡ್ಡು ಕೊಡೋಕೂ ಬಳಸೋ ವೀಚಾಟ್ ಆ್ಯಪ್ ನಮ್ಮಲ್ಲಿ 2020ರಿಂದ ನಿಷೇಧ, ಹಾಗಾಗಿ ಅಲ್ಲಿ ಇಳಿದ ಮೇಲೇ ಹಾಕ್ಕೊಳ್ಳಿ. ಅಲ್ಲೀವರೆಗೆ ಕೈಯಲ್ಲಿ ಸ್ವಲ್ಪ ಯುವಾನ್ ನೋಟು ಇರಲಿ. ಅಕ್ಟೋಬರ್ 1ರಿಂದ ರಾಷ್ಟ್ರೀಯ ದಿನದ ರಜೆ, ಇಡೀ ದೇಶವೇ ರೈಲು ಹತ್ತುತ್ತೆ. ಆ ವಾರ ಎಲ್ಲಿಗಾದರೂ ಹೋಗೋದಿದ್ದರೆ ಟಿಕೆಟ್ 15 ದಿನ ಮೊದಲು ಬಿಡ್ತಾರೆ, ಅವತ್ತೇ ಮಾಡಿಸಿ.